ಎಷ್ಟು ಹೊತ್ತಿದೆ ನಿಮಗೆ?

ಅಕ್ಕನ ಮಗ, ಫ್ಲಾರಿಡಾದ ಟ್ಯಾಂಪಾದಲ್ಲಿರುವ ಹಳೆಯ ಸಿಗಾರ್ ಬಡಾವಣೆ ಈಬೋರ್ ಸಿಟಿಯಲ್ಲಿ, ಬೀದಿದೀಪದ ಕಂಬ ಹಿಡಿದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ತುಟಿ ಬಿಳಿಚಿಕೊಂಡಿತ್ತು. "ಮಾವ, ನೆಲ ತಿರುಗುತ್ತಿದೆ" ಎಂದವನು ಮರುಕ್ಷಣವೇ ರಸ್ತೆಯಂಚಿಗೆ ಬಗ್ಗಿ ಕಕ್ಕಿದ. ಬೆಳಗ್ಗೆಯಿಂದ ಹೊಟ್ಟೆಗೆ ಬಿದ್ದದ್ದು ಎರಡು ಲೋಟ ಕಾಫಿ ಮಾತ್ರ, ಬಂದದ್ದೂ ಅಷ್ಟೇ. ಆ ಊರಿನ ಬೀದಿಗಳಲ್ಲಿ ಹುಂಜಗಳು ಯಾರ ಹಂಗೂ ಇಲ್ಲದೆ ಓಡಾಡಿಕೊಂಡಿರುತ್ತವೆ. ಒಂದು ಹುಂಜ ಕತ್ತು ಕೊಂಕಿಸಿ ಇವನನ್ನು ನೋಡಿತು, ಇಂಥವರನ್ನು ಎಷ್ಟೋ ಜನರನ್ನು ಕಂಡಿರುವ ಹಾಗೆ ದಾಟಿ ಹೋಯಿತು. ಇಪ್ಪತ್ತಾರು ವರ್ಷದ ಹುಡುಗ, ಹೊಸ ಕೆಲಸ ಸಿಕ್ಕ ಖುಷಿಗೆ ಅಟ್ಲಾಂಟಾದಿಂದ ಟ್ಯಾಂಪಾಕ್ಕೆ ನಮ್ಮ ಮನೆಗೆ ಬಂದಿದ್ದ. ಸಿಗಾರ್ ಊರಿಗೆ ಬಂದು ಒಂದು ಸಿಗಾರ್ ಸೇದದೆ ಹೋಗುವುದೇ ಎಂದು ಅವನೇ ಹಟ ಹಿಡಿದದ್ದು ನಿಜ. ಆದರೆ ಅಂಗಡಿಯಲ್ಲಿ ಪಕ್ಕದಲ್ಲಿ ನಿಂತಿದ್ದವನು ನಾನು.

ಅವನು ಆರಿಸಿದ್ದು 6 ಇಂಚು ಉದ್ದದ, 60 ರಿಂಗ್ ಗೇಜ್ ದಪ್ಪದ ಸಿಗಾರ್. ಹೆಬ್ಬೆರಳಿಗಿಂತ ದಪ್ಪ. ಪಕ್ಕದ ಡಬ್ಬದಲ್ಲಿದ್ದ ಅರ್ಧ ಗಾತ್ರದ್ದಕ್ಕೂ ಅದಕ್ಕೂ ಬೆಲೆಯಲ್ಲಿ ಎರಡೇ ಡಾಲರ್ ವ್ಯತ್ಯಾಸ. "ಎರಡು ಡಾಲರ್‌ಗೆ ಇಷ್ಟೊಂದು ಜಾಸ್ತಿ ಸಿಗುತ್ತದಲ್ಲ ಮಾವ" ಎಂದ. ಸಂತೆಯಲ್ಲಿ ಹೂಕೋಸನ್ನು ಕೈಯಲ್ಲಿ ತೂಗಿ ನೋಡಿ ಕೊಳ್ಳುವ ಮನೆತನ ನಮ್ಮದು. ಮಾತು ನನಗೂ ಸರಿಯೆನಿಸಿತು. ಬೇಡ ಎನ್ನಬೇಕಾದವನು ಸುಮ್ಮನೆ ನಕ್ಕೆ. ಆ ನಗು ಎರಡು ವರ್ಷದಿಂದ ಕಾಡುತ್ತಿದೆ, ಏಕೆಂದರೆ ಗೊತ್ತಿಲ್ಲದೆ ನಕ್ಕದ್ದಲ್ಲ.

ಗೊತ್ತಿದ್ದದ್ದು ಹೇಗೆಂದರೆ, ಹನ್ನೊಂದು ವರ್ಷದ ಹಿಂದೆ ನಾನೇ ಮೊದಲ ಸಲ ಅಂಥದೇ ಒಂದು ಅಂಗಡಿಗೆ ಹೋದಾಗ ಗಲ್ಲಾಪೆಟ್ಟಿಗೆಯ ಹಿಂದೆ ಸಿಗಾರ್ ಸುತ್ತುತ್ತ ಕುಳಿತಿದ್ದ ಮುದುಕರು ಯಾವ ಬ್ರ್ಯಾಂಡ್ ಬೇಕು, ಎಷ್ಟು ದುಡ್ಡಿನದು ಬೇಕು ಎಂದು ಕೇಳಲಿಲ್ಲ. ಅರ್ಧಚಂದ್ರದ ಆಕಾರದ ತೆಳು ಕತ್ತಿಯಿಂದ ಎಲೆಯ ಅಂಚು ಕತ್ತರಿಸುತ್ತಿದ್ದವರು ತಲೆ ಎತ್ತದೆಯೇ "ಎಷ್ಟು ಹೊತ್ತಿದೆ ನಿಮಗೆ?" ಎಂದರು. ಹೆಂಡತಿ ಎದುರಿನ ಅಂಗಡಿಯಲ್ಲಿದ್ದಾಳೆ, ಅರ್ಧ ಗಂಟೆ ಇರಬಹುದು ಎಂದೆ. ಎದ್ದು ಹೋಗಿ, ಕಿರುಬೆರಳಿಗಿಂತ ಚೂರು ದಪ್ಪವಿದ್ದ ಪೆಟಿಟ್ ಕೊರೊನಾ ಎಂಬ ಪುಟ್ಟ ಸಿಗಾರ್ ತಂದು ಕೈಗಿಟ್ಟರು. "ಊಟ ಆಗಿದೆಯೇ?" ಎಂಬುದು ಅವರ ಎರಡನೆಯ ಪ್ರಶ್ನೆ. ಮೂರನೆಯದು ಇರಲಿಲ್ಲ. ಹೊಸಬರು ಯಾವ ಸಿಗಾರ್ ಕೊಳ್ಳಬೇಕು ಎಂದು ಈಗ ಯಾರಾದರೂ ಕೇಳಿದರೆ ಈ ಎರಡು ಪ್ರಶ್ನೆಗಳಿಗಿಂತ ಹೆಚ್ಚಿನದು ನನಗೂ ಹೊಳೆಯುವುದಿಲ್ಲ.

(ಮೊದಲೇ ಹೇಳಿಬಿಡುತ್ತೇನೆ: ಸೇದಿ ಎಂದು ಹುರಿದುಂಬಿಸುವ ಬರಹ ಇದಲ್ಲ. ಕೆಲವು ದಪ್ಪ ಸಿಗಾರ್‌ಗಳಲ್ಲಿ ಒಂದು ಪ್ಯಾಕ್ ಸಿಗರೇಟಿನಲ್ಲಿರುವಷ್ಟು ತಂಬಾಕು ಇರುತ್ತದೆ. ಹೊಗೆ ಒಳಗೆಳೆದುಕೊಳ್ಳದಿದ್ದರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ನ ಅಪಾಯ ತಪ್ಪುವುದಿಲ್ಲ. ಸೇದದವರು ಸೇದದೆಯೇ ಇರಿ. ನಾನು ತಿಂಗಳಿಗೊಂದು ಸೇದುತ್ತೇನೆ, ಅದನ್ನು ಸಮರ್ಥಿಸಿಕೊಳ್ಳುವ ಉಮೇದು ನನಗಿಲ್ಲ.)

ಉದ್ದ, ದಪ್ಪ ಮತ್ತು ಒಂದು ಸಣ್ಣ ಲೆಕ್ಕ

ಸಿಗಾರ್‌ನ ಉದ್ದ ಇಂಚಿನಲ್ಲಿ, ದಪ್ಪ ರಿಂಗ್ ಗೇಜಿನಲ್ಲಿ. ಒಂದು ಇಂಚನ್ನು 64 ಪಾಲು ಮಾಡಿದರೆ ಒಂದು ಪಾಲು ಒಂದು ರಿಂಗ್ ಗೇಜ್. 64 ಎಂದರೆ ಸರಿಯಾಗಿ ಒಂದು ಇಂಚು ಅಡ್ಡಗಲ, 32 ಎಂದರೆ ಅರ್ಧ ಇಂಚು. ಕೊರೊನಾ ಜಾತಿಯವು 42ರ ಆಸುಪಾಸು. ರೊಬಸ್ಟೊ 5 ಇಂಚು ಉದ್ದ, 50 ದಪ್ಪ. ಟೊರೊ 6 ಇಂಚು, 50ರಿಂದ 52. ಚರ್ಚಿಲ್ 7 ಇಂಚು, 47. ಲಾನ್ಸೆರೊ ಎಂಬ ಬಳುಕುವ ಸುಂದರಿ ಏಳೂವರೆ ಇಂಚು ಉದ್ದವಿದ್ದೂ ಬರೀ 38 ದಪ್ಪ. ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಕಂಪನಿಯ ರೊಬಸ್ಟೊ ಇನ್ನೊಂದರಲ್ಲಿ ಕಾಲು ಇಂಚು ಹೆಚ್ಚುಕಡಿಮೆ ಇರುತ್ತದೆ, ಕ್ಯೂಬಾದಲ್ಲಂತೂ ಕಾರ್ಖಾನೆಯೊಳಗಿನ ಹೆಸರೇ ಬೇರೆ, ಡಬ್ಬದ ಮೇಲಿನ ಹೆಸರೇ ಬೇರೆ. ನಂಬಬೇಕಾದದ್ದು ಎರಡು ಅಂಕಿಗಳನ್ನು ಮಾತ್ರ.

ಆ ಅಂಕಿಗಳಲ್ಲಿ ನಮ್ಮನ್ನು ಮೋಸಗೊಳಿಸುವುದು ದಪ್ಪದ್ದು. 42ಕ್ಕೂ 60ಕ್ಕೂ ಹದಿನೆಂಟರ ಅಂತರ, ಏನು ಮಹಾ ಎನಿಸುತ್ತದೆ. ಆದರೆ ಒಳಗಿನ ತಂಬಾಕು ಏರುವುದು ದಪ್ಪದ ವರ್ಗದ ಲೆಕ್ಕದಲ್ಲಿ. 42ರ ವರ್ಗ 1764, 60ರದು 3600. ಅಂದರೆ ಒಂದೇ ಉದ್ದದ ಎರಡು ಸಿಗಾರ್‌ಗಳಲ್ಲಿ ಎರಡನೆಯದರೊಳಗೆ ತಂಬಾಕು ಇಮ್ಮಡಿಗಿಂತಲೂ ಹೆಚ್ಚು. ಇದಕ್ಕೆ ಉದ್ದವನ್ನೂ ಗುಣಿಸಿ ನೋಡಿದರೆ ಇನ್ನೊಂದು ತಮಾಷೆ ಕಾಣುತ್ತದೆ. ಏಳೂವರೆ ಇಂಚಿನ ಲಾನ್ಸೆರೊದಲ್ಲಿರುವ ತಂಬಾಕು ಐದೇ ಇಂಚಿನ ರೊಬಸ್ಟೊದಲ್ಲಿರುವುದಕ್ಕಿಂತ ಕಡಿಮೆ! ನನ್ನ ಅಳಿಯ ಆರಿಸಿದ ದಿಂಡಿನಲ್ಲಿ ಆ ಮುದುಕರು ನನಗೆ ಕೊಟ್ಟದ್ದರ ಎರಡೂವರೆ ಪಟ್ಟು ತಂಬಾಕಿತ್ತು. ಅವನು ಎಂಜಿನಿಯರ್, ನಾನೂ ಎಂಜಿನಿಯರ್. ಅಂಗಡಿಯಲ್ಲಿ ಇಬ್ಬರಿಗೂ ವರ್ಗ ಮಾಡಿ ನೋಡಬೇಕು ಎಂದು ಹೊಳೆಯಲಿಲ್ಲ.

ಗಾತ್ರ ಎಂದರೆ ಹೊತ್ತು. ಪೆಟಿಟ್ ಕೊರೊನಾ ಅರ್ಧ ಗಂಟೆಯ ಮಾತು, ರೊಬಸ್ಟೊ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಚರ್ಚಿಲ್ ಒಂದೂವರೆ ಗಂಟೆಯಾದರೂ ಬೇಕು. ಹೊತ್ತಿಲ್ಲದವನು ದೊಡ್ಡದನ್ನು ಹಿಡಿದರೆ ಬೇಗ ಬೇಗ ಎಳೆಯುತ್ತಾನೆ, ಬೇಗ ಎಳೆದರೆ ತುದಿಯ ಕೆಂಡ ಕಾದು ಹೊಗೆ ಕಹಿಯಾಗುತ್ತದೆ, ಕಹಿಯಾದರೂ ದುಡ್ಡು ಕೊಟ್ಟಿದ್ದೇನಲ್ಲ ಎಂದು ಕೊನೆಯವರೆಗೂ ಬಿಡುವುದಿಲ್ಲ. ನಿಮಿಷಕ್ಕೊಂದು ಸಲ ಎಳೆದರೆ ಹೆಚ್ಚು. ಅಲ್ಲಿ ಇಲ್ಲಿ ಮಾತಾಡುತ್ತ, ಮರೆತು, ಆರಿಹೋಗುತ್ತದೇನೋ ಎಂದು ನೆನಪಾದಾಗ ಒಮ್ಮೆ ಎಳೆಯುವ ವಸ್ತು ಅದು. ತೆಳ್ಳಗಿನವು ಬೇಗ ಕಾಯುತ್ತವೆ, ಆದ್ದರಿಂದ ಹೊಸಬರಿಗೆ ರೊಬಸ್ಟೊವೇ ಒಳ್ಳೆಯದು ಎನ್ನುವವರು ಬಹಳ. ಅವರ ಮಾತಿನಲ್ಲೂ ಹುರುಳಿದೆ. ಲಾನ್ಸೆರೊ ಹಿಡಿದು ಕಲಿಯಲು ಹೊರಟರೆ ಕೈಯೂ ಬಾಯಿಯೂ ಸುಟ್ಟುಕೊಳ್ಳುವಿರಿ. ಆದರೂ ನನ್ನ ಓಟು ಪೆಟಿಟ್ ಕೊರೊನಾಕ್ಕೇ. ಹಿಡಿಸದಿದ್ದರೆ ಬೇಗ ಮುಗಿಯುತ್ತದೆ ಎಂಬುದೇ ಅದರ ದೊಡ್ಡ ಗುಣ.

ಚಿಕ್ಕದು ಹಿಡಿದರೆ ಗತ್ತು ಇರುವುದಿಲ್ಲ ಎಂಬ ಸಂಕೋಚ ಇರುವವರಿಗೆ ಒಂದು ಕತೆ. ವಿನ್‌ಸ್ಟನ್ ಚರ್ಚಿಲ್ 1946ರಲ್ಲಿ ಹವಾನಾಕ್ಕೆ ಹೋಗಿದ್ದರು, ಏಳು ಇಂಚಿನ ಸಿಗಾರ್‌ಗೆ ಅವರ ಹೆಸರೇ ನಿಂತಿತು. ಸಿಗಾರ್ ಎಂದಾಗ ಎಲ್ಲರ ಕಣ್ಣಮುಂದೆ ಬರುವುದು ಆ ಚಿತ್ರವೇ. ಆದರೆ ಜಾನ್ ಕೆನಡಿ ಸೇದುತ್ತಿದ್ದದ್ದು ಪೆಟಿಟ್ ಅಪ್‌ಮನ್ ಎಂಬ ಪುಟ್ಟ ಸಿಗಾರ್. 1962ರ ಫೆಬ್ರುವರಿಯಲ್ಲಿ ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧ ಹೇರುವ ಮುನ್ನ ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್ ಅವರನ್ನು ಕರೆದು ಒಂದು ಸಾವಿರ ಬೇಕು ಎಂದರಂತೆ. ಸ್ಯಾಲಿಂಜರ್ ಊರೆಲ್ಲ ಸುತ್ತಿ 1,200 ತಂದುಕೊಟ್ಟರಂತೆ. ಅದಾದ ಮೇಲೆ ಅಧ್ಯಕ್ಷರು ಕಾಗದಕ್ಕೆ ಸಹಿ ಹಾಕಿದರಂತೆ. ಇದನ್ನು ಹೇಳಿದವರು ಸ್ಯಾಲಿಂಜರ್ ಅವರೇ. ಆ ಸಹಿಯ ದೆಸೆಯಿಂದ, ಕ್ಯೂಬಾದಿಂದ ಬಂದವರೂ ಸೇರಿ ಕಟ್ಟಿ ಬೆಳೆಸಿದ ಈಬೋರ್ ಸಿಟಿಯ ಅಂಗಡಿಗಳಲ್ಲಿ ಇವತ್ತಿಗೂ ಕ್ಯೂಬಾದ ಸಿಗಾರ್ ಸಿಗುವುದಿಲ್ಲ. ನಿಕರಾಗುವಾ, ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್‌ಗಳ ಎಲೆಯೇ ಹೆಚ್ಚು. ಕ್ಯೂಬಾದ್ದಲ್ಲದ್ದು ಸಿಗಾರೇ ಅಲ್ಲ ಎನ್ನುವ ಪಂಡಿತರು ಸಿಕ್ಕರೆ ಮಾತು ಬದಲಿಸಿ.

ಒದ್ದೆ ಸೊಪ್ಪು

ಕಂಬ ಹಿಡಿದು ನಿಂತ ಹುಡುಗನಿಗೆ ಏನಾಗುತ್ತಿದೆ ಎಂದು ನನಗೆ ಕೂಡಲೇ ತಿಳಿದದ್ದು ಸಿಗಾರ್‌ನ ಅನುಭವದಿಂದಲ್ಲ. ಪಿರಿಯಾಪಟ್ಟಣದ ಹತ್ತಿರದ ನಮ್ಮ ಹೊಲದಿಂದ. ನಾನು ಹುಟ್ಟುವ ಮೊದಲಿನಿಂದಲೂ ಅಪ್ಪ ಹೊಗೆಸೊಪ್ಪು ಬೆಳೆದವರು. ಆಗಸ್ಟ್ ತಿಂಗಳು, ಜಡಿಮಳೆ, ಶಾಲೆಗೆ ರಜೆ. ಆಳುಗಳು ಸಿಕ್ಕಿರಲಿಲ್ಲ, ಸೊಪ್ಪು ಒಣಗಿಸುವ ಮನೆ, ಅಂದರೆ ಬ್ಯಾರನ್, ತುಂಬಲೇಬೇಕಿತ್ತು. ಹನ್ನೊಂದು ವರ್ಷದ ನಾನೂ ಸೊಪ್ಪು ಮುರಿಯಲು ಇಳಿದೆ. ಬುಡದ ಎಲೆಗಳಿಂದ ಶುರು ಮಾಡಿ ವಾರಕ್ಕೆ ಎರಡು ಮೂರು ಎಲೆಯಂತೆ ಮೇಲೆ ಮೇಲೆ ಹೋಗುವುದು ಪದ್ಧತಿ. ಮುರಿದ ಎಲೆಗಳನ್ನು ಎಡಗಂಕುಳಲ್ಲಿ ಒತ್ತಿಕೊಂಡು ಸಾಲು ಹಿಡಿದು ನಡೆಯಬೇಕು. ಎಲೆಯ ನೀರು ಅಂಗಿಯನ್ನು ತೋಯಿಸಿ ಮೈಗೆ ಇಳಿಯುತ್ತಿತ್ತು, ಕೈ ಅಂಟಂಟಾಗಿ ಕಪ್ಪಾಗಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಕಿವಿಯಲ್ಲಿ ಗುಂಯ್ ಎಂದಿತು, ಮೈ ತಣ್ಣಗಾಯಿತು, ಬದುವಿನ ಮೇಲೆ ಕುಳಿತು ಕಕ್ಕಿದೆ. ಅವ್ವ ಓಡಿ ಬಂದು ಮೊದಲು ಮಾಡಿದ ಕೆಲಸ ಅಂಗಿ ಬಿಚ್ಚಿಸಿದ್ದು, ಎರಡನೆಯದು ಮೈ ತೊಳೆದದ್ದು, ಆಮೇಲೆ ಒಂದು ಅಚ್ಚು ಬೆಲ್ಲ ಬಾಯಿಗಿಟ್ಟದ್ದು. "ಸೊಪ್ಪು ತಲೆಗೇರಿದೆ, ಮಲಗಿಸಿ" ಎಂದಳು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ ಎಂಬುದನ್ನು ನಾನು ಓದಿ ತಿಳಿದದ್ದು ಬಹಳ ವರ್ಷಗಳ ನಂತರ. ಅವ್ವ ಓದಿರಲಿಲ್ಲ.

ಈಬೋರ್‌ನಲ್ಲಿ ಅಂಗಡಿಯವರು ಸಕ್ಕರೆ ಪೊಟ್ಟಣ ಹಿಡಿದು ಹೊರಗೆ ಓಡಿ ಬಂದಾಗ ನನಗೆ ನೆನಪಾದದ್ದು ಆ ಬೆಲ್ಲದಚ್ಚು.

ಅಳಿಯ ಸಿಗರೇಟು ಸೇದಿ ಗೊತ್ತಿದ್ದವನು. ಸಿಗಾರನ್ನೂ ಹಾಗೆಯೇ ಎದೆಗೆಳೆದ. ಹೊಸಬರು ಮಾಡುವ ದೊಡ್ಡ ತಪ್ಪು ಇದು, ಇದಕ್ಕೆ ಕಾರಣ ಎಲೆಯ ಸಂಸ್ಕಾರದಲ್ಲಿದೆ. ನಮ್ಮ ಕಡೆ ಬೆಳೆಯುವುದು ವರ್ಜೀನಿಯಾ, ಸಿಗರೇಟಿಗೆ ಹೋಗುವ ಎಲೆ. ಕಡ್ಡಿಗೆ ಕಟ್ಟಿ ಬ್ಯಾರನ್‌ನಲ್ಲಿ ತೂಗುಹಾಕಿ, ಹೊರಗಿನ ಒಲೆಯಲ್ಲಿ ಸೌದೆ ಉರಿಸಿ, ಕೊಳವೆಯ ಬಿಸಿಯಲ್ಲಿ ಐದಾರು ದಿನದಲ್ಲಿ ಒಣಗಿಸುತ್ತಾರೆ. ಮೊದಲು ಹದವಾದ ಬಿಸಿ, ಎಲೆ ಹಳದಿಗೆ ತಿರುಗಬೇಕು. ಕೊನೆಗೆ ನಡುದಂಟು ಒಣಗಲು 70 ಡಿಗ್ರಿಯ ಹತ್ತಿರ. ಅಪ್ಪ ರಾತ್ರಿಯಿಡೀ ಒಲೆಯ ಮುಂದೆ ಗೋಣಿಚೀಲ ಹಾಸಿಕೊಂಡು ಮಲಗಿ, ಗಂಟೆಗೊಮ್ಮೆ ಎದ್ದು ಕಿಟಕಿಯ ಗಾಜಿಗೆ ಟಾರ್ಚ್ ಹಿಡಿದು ಥರ್ಮಾಮೀಟರ್ ನೋಡುತ್ತಿದ್ದರು. ಹೀಗೆ ಬೇಗ ಒಣಗಿದ ಎಲೆಯಲ್ಲಿ ಸಕ್ಕರೆ ಉಳಿಯುತ್ತದೆ, ಅದರ ಹೊಗೆ ಆಮ್ಲೀಯ. ಆ ಹೊಗೆಯ ನಿಕೋಟಿನ್ ಬಾಯಲ್ಲಿ ಹೀರಿಕೊಳ್ಳುವುದು ಕಡಿಮೆ, ಅದಕ್ಕೇ ಸಿಗರೇಟು ಶ್ವಾಸಕೋಶವನ್ನು ಬೇಡುತ್ತದೆ. ಸಿಗಾರ್ ಎಲೆ ಬೇರೆ. ಅದಕ್ಕೆ ಬೆಂಕಿಯಿಲ್ಲ. ನೆರಳಿನ ಕೊಟ್ಟಿಗೆಯಲ್ಲಿ ವಾರಗಟ್ಟಲೆ ಗಾಳಿಗೆ ಒಣಗಿ, ಆಮೇಲೆ ರಾಶಿ ಹಾಕಿದಾಗ ತಿಪ್ಪೆಯ ಗೊಬ್ಬರದಂತೆ ತನ್ನಷ್ಟಕ್ಕೆ ಕಾದು ಹುದುಗುತ್ತದೆ. ಅಮೋನಿಯಾದ ಘಾಟು ಹೋಗುವ ತನಕ ರಾಶಿ ಮಗುಚುತ್ತಲೇ ಇರಬೇಕು. ಸಕ್ಕರೆ ಕಳೆದುಹೋಗಿ ಹೊಗೆ ಕ್ಷಾರವಾಗುತ್ತದೆ, ನಿಕೋಟಿನ್ ಬಾಯಿಯಲ್ಲೇ ಇಳಿಯುತ್ತದೆ. ನಮ್ಮಜ್ಜಿ ಎಲೆಗೆ ಸುಣ್ಣ ಹಚ್ಚಿ, ಅಡಿಕೆಯ ಜೊತೆ ಹೊಗೆಸೊಪ್ಪಿನ ಚೂರು ಸೇರಿಸಿ ದವಡೆಗೆ ಒತ್ತರಿಸುತ್ತಿದ್ದರಲ್ಲ, ಅಲ್ಲಿ ಸುಣ್ಣ ಮಾಡುತ್ತಿದ್ದದ್ದೂ ಇದೇ ಕೆಲಸ. ಹಾಗಾಗಿ ಸಿಗಾರ್ ಹೊಗೆಯನ್ನು ಬಾಯಿಯಲ್ಲಿ ಆಡಿಸಿ ಬಿಡಬೇಕು. ಗಂಟಲು ದಾಟಿಸಬಾರದು.

ಬಣ್ಣ ನೋಡಿ ಹೆದರಬೇಡಿ

ಎರಡನೆಯ ಗೊಂದಲ ಬಣ್ಣದ್ದು, ಅಂದರೆ ಸಿಗಾರ್‌ನ ಮೈಗೆ ಸುತ್ತಿದ ಹೊದಿಕೆ ಎಲೆಯ ಬಣ್ಣದ್ದು. ಕಪ್ಪಗಿದ್ದರೆ ಖಾರ, ತಿಳಿಯಾಗಿದ್ದರೆ ಸೌಮ್ಯ ಎಂದು ನಾನೂ ನಂಬಿದ್ದೆ. ಕಾಫಿಯ ಅಭ್ಯಾಸವಿರಬೇಕು. ಮಡೂರೊ ಎಂಬ ಕಡುಗಂದು ಎಲೆ ಹೆಚ್ಚು ಕಾಲ, ಹೆಚ್ಚು ಬಿಸಿಯಲ್ಲಿ ಹುದುಗಿ ಕಪ್ಪಾದದ್ದು; ಹಲವು ಸಲ ಅದರಲ್ಲಿ ಖಾರಕ್ಕಿಂತ ಸಿಹಿಯೇ ಮುಂದೆ. ಕನೆಕ್ಟಿಕಟ್ ಶೇಡ್ ಎಂಬ ಹೊಂಬಣ್ಣದ ಎಲೆ ಬಟ್ಟೆಯ ಚಪ್ಪರದ ನೆರಳಲ್ಲಿ ಬೆಳೆದದ್ದು, ತೆಳು, ನುಣುಪು. ಅದೇ ತಳಿಯನ್ನು ಈಕ್ವೆಡಾರ್‌ನಲ್ಲಿ ಚಪ್ಪರವಿಲ್ಲದೆಯೇ ಬೆಳೆಯುತ್ತಾರೆ, ಅಲ್ಲಿ ಮೋಡವೇ ಚಪ್ಪರ. ಮೊದಲ ಸಿಗಾರ್‌ಗೆ ಈ ಹೊದಿಕೆ ಇರಲಿ, ಮೂರನೆಯದಕ್ಕೋ ನಾಲ್ಕನೆಯದಕ್ಕೋ ಮಡೂರೊ ನೋಡಿ. ಆದರೆ ಹೊದಿಕೆ ಸೀರೆಯಿದ್ದ ಹಾಗೆ. ಉಟ್ಟವಳ ಸ್ವಭಾವ ಅದರಿಂದ ತಿಳಿಯುವುದಿಲ್ಲ. ಒಳಗೇನಿದೆ ಎಂದು ಅಂಗಡಿಯವರನ್ನೇ ಕೇಳಬೇಕು, "ಸೌಮ್ಯವಾದದ್ದು ಕೊಡಿ" ಎಂದು ಬಾಯಿಬಿಟ್ಟು ಹೇಳಬೇಕು. ಇದರಲ್ಲಿ ನಾಚಿಕೆಯೇನೂ ಇಲ್ಲ.

ಉಳಿದವು ಸಣ್ಣ ವಿಷಯಗಳು. ತುದಿ ಚೂಪಾಗಿರುವ ಟಾರ್ಪೆಡೊ, ಪಿರಾಮಿಡ್‌ಗಳು ಚೆಂದ, ಆದರೆ ಎಲ್ಲಿ ಕತ್ತರಿಸಬೇಕೆಂಬ ಅಂದಾಜು ಬರುವವರೆಗೆ ನೆಟ್ಟಗಿರುವುದನ್ನೇ ಕೊಳ್ಳಿ. ಬಾಯಿಗಿಡುವ ತುದಿಯಲ್ಲಿ ಅಂಟಿಸಿದ ಪುಟ್ಟ ಟೋಪಿ ಇರುತ್ತದೆ, ಅದರ ನೆತ್ತಿಯನ್ನಷ್ಟೇ ಕತ್ತರಿಸಿ. ಟೋಪಿಯ ಗೆರೆ ದಾಟಿದರೆ ಸಿಗಾರ್ ಬಿಚ್ಚಿಕೊಳ್ಳುತ್ತದೆ. ಒಂದೇ ಸಲ ಡಬ್ಬಗಟ್ಟಲೆ ಕೊಳ್ಳಬೇಡಿ.

ಇನ್ನು, ಚುಟ್ಟಾ ಮತ್ತು ಸಿಗಾರ್ ಒಂದೇ ತಾನೇ ಎಂದು ಊರಿನವರು ಕೇಳುತ್ತಾರೆ. ದೂರದ ನೆಂಟರು ಎನ್ನಬಹುದು. ಎರಡೂ ಕಡೆ ಬಾಯಿ ತೆರೆದಿರುವ ಸಿಗಾರ್‌ಗೆ ಇಂಗ್ಲಿಷಿನವರು ಇಟ್ಟ ಚೆರೂಟ್ ಎಂಬ ಹೆಸರು ತಮಿಳಿನ ಸುರುಟ್ಟು ಎಂಬುದರಿಂದ ಬಂದದ್ದು, ನಾವು ಚಾಪೆ ಸುರುಟಿಡು ಎನ್ನುವಾಗಿನ ಅದೇ ಸುರುಟು. ತಿರುಚಿನಾಪಳ್ಳಿಯ ಚುಟ್ಟಾ ಒಂದು ಕಾಲಕ್ಕೆ ಲಂಡನ್ನಿನವರೆಗೆ ಹೋಗುತ್ತಿತ್ತು.

ಅಪ್ಪ ಬಿಚ್ಚಿದ ಸಿಗಾರ್

ಕಳೆದ ವರ್ಷ ಅಪ್ಪ ಟ್ಯಾಂಪಾಕ್ಕೆ ಬಂದಿದ್ದರು. ಅಷ್ಟು ವರ್ಷ ಹೊಗೆಸೊಪ್ಪು ಬೆಳೆದವರು ಒಂದು ಬೀಡಿಯನ್ನೂ ತುಟಿಗಿಟ್ಟವರಲ್ಲ. ನಾನು ಸೇದುವುದು ಅವರಿಗೆ ಗೊತ್ತಿಲ್ಲ ಎಂದು ನಾನೂ, ಗೊತ್ತಿದೆ ಎಂದು ತೋರಗೊಡದೆ ಅವರೂ ಎರಡು ವಾರ ಕಳೆದೆವು. ಒಂದು ಮಧ್ಯಾಹ್ನ ಊಟವಾದ ಮೇಲೆ "ಆ ಡಬ್ಬದಲ್ಲಿರುವುದರಲ್ಲಿ ಒಂದು ಕೊಡು, ನೋಡೋಣ" ಎಂದರು. ಒಂದು ರೊಬಸ್ಟೊ ಕೊಟ್ಟೆ. ಹಿತ್ತಲ ಮೇಜಿನ ಮೇಲೆ ಪತ್ರಿಕೆ ಹರಡಿ, ಕನ್ನಡಕ ಏರಿಸಿ, ಉಗುರಿನಿಂದ ಟೋಪಿ ಎಬ್ಬಿಸಿದರು. ಹೊದಿಕೆಯ ಎಲೆಯನ್ನು ಸುತ್ತು ಸುತ್ತಾಗಿ, ಒಂದೂ ಕಡೆ ಹರಿಯದಂತೆ ಬಿಡಿಸಿ ಪತ್ರಿಕೆಯ ಮೇಲೆ ಹಾಸಿದರು. ಅದರ ಕೆಳಗೆ ಒರಟಾದ ಇನ್ನೊಂದು ಎಲೆ, ಒಳಗಿನದನ್ನು ಹಿಡಿದಿಡುವುದು. ಅದರೊಳಗೆ ಉದ್ದುದ್ದಕ್ಕೆ ಮಡಿಸಿದ ನಾಲ್ಕು ಎಲೆಗಳು.

ಅಪ್ಪ ಒಂದೊಂದನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕಿ, ಮೂಗಿನ ಹತ್ತಿರ ಹಿಡಿದು, ಬೇರೆ ಬೇರೆ ಇಟ್ಟರು. ತೆಳ್ಳಗೆ ಗರಿಗರಿಯಾಗಿದ್ದದ್ದನ್ನು ತೋರಿಸಿ "ಇದು ಬುಡದ್ದು, ಸಾರವಿಲ್ಲ, ಬೇಗ ಉರಿಯುತ್ತದೆ" ಎಂದರು. ನಡುವಿನ ಎರಡನ್ನು ಒಟ್ಟಿಗೆ ಇಟ್ಟರು. ಎಲ್ಲಕ್ಕಿಂತ ಒಳಗೆ, ಸರಿಯಾಗಿ ಮಧ್ಯದಲ್ಲಿ ಮಡಿಸಿಟ್ಟಿದ್ದ ದಪ್ಪನೆಯ, ಜಿಡ್ಡು ಜಿಡ್ಡಾದ ಕಪ್ಪು ಎಲೆಯನ್ನು ಬಹಳ ಹೊತ್ತು ಬೆರಳಲ್ಲಿ ಆಡಿಸಿದರು. "ಇದು ತುದಿಯದು. ಬಿಸಿಲು ತಿಂದದ್ದು. ಖಾರವೆಲ್ಲ ಇದರಲ್ಲಿದೆ. ಇದೊಂದು ಬೇಗ ಹತ್ತಿಕೊಳ್ಳುವುದಿಲ್ಲ, ಅದಕ್ಕೇ ನಡುವಿಗೆ ಹಾಕಿದ್ದಾರೆ."

ಸಿಗಾರ್ ಲೋಕದಲ್ಲಿ ಇವಕ್ಕೆ ವೊಲಾಡೊ, ಸೆಕೊ, ಲಿಹೆರೊ ಎಂದು ಹೆಸರು, ಇದೇ ಕ್ರಮದಲ್ಲಿ, ಇದೇ ಗುಣಗಳಿಗೆ. ನಾನು ಅದನ್ನು ಕಲಿಯಲು ಎರಡು ಮೂರು ವರ್ಷ ಹಿಡಿಯಿತು. ಅಪ್ಪನಿಗೆ ಹತ್ತು ನಿಮಿಷ. ಸಿಗಾರ್ ಎಷ್ಟು ಖಾರ ಎಂಬುದು ಉದ್ದದಲ್ಲೂ ಇಲ್ಲ, ಬಣ್ಣದಲ್ಲೂ ಇಲ್ಲ, ನಡುವೆ ಮಡಿಸಿಟ್ಟ ಆ ತುದಿ ಎಲೆ ಎಷ್ಟಿದೆ ಎಂಬುದರಲ್ಲಿದೆ. ಖಾರದ್ದೋ ಸಪ್ಪೆಯದ್ದೋ, ಎಷ್ಟು ಹೊತ್ತು ಅದರ ಜೊತೆ ಇರಬೇಕಾಗುತ್ತದೆ ಎಂಬುದನ್ನಷ್ಟೇ ಗಾತ್ರ ಹೇಳುವುದು.

"ಇದಕ್ಕೆ ಬೆಂಕಿ ತೋರಿಸಿಯೇ ಇಲ್ಲವಲ್ಲ" ಎಂದರು ಅಪ್ಪ, ಎಲೆಯನ್ನು ಬೆಳಕಿಗೆ ಹಿಡಿದು. ಇಲ್ಲ, ಗಾಳಿಯಲ್ಲಿ ಒಣಗಿಸುತ್ತಾರೆ, ಆಮೇಲೆ ರಾಶಿ ಹಾಕಿ ಹುದುಗಿಸುತ್ತಾರೆ ಎಂದೆ. ಸೌದೆ ಬೇಡವೇ ಎಂದು ಕೇಳಿದರು. ಬೇಡ ಎಂದೆ. ರಾತ್ರಿ ಯಾರೂ ಎದ್ದು ನೋಡಬೇಕಾಗಿಲ್ಲವೇ ಎಂದರು. ಒಣಗುವ ಕೊಟ್ಟಿಗೆಯ ಬಾಗಿಲನ್ನು ಹವೆ ನೋಡಿ ತೆರೆದು ಮುಚ್ಚುತ್ತಾರೆ, ಅಷ್ಟೇ ಎಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಆ ಆರು ಎಲೆಗಳನ್ನೂ ಒಂದರ ಮೇಲೊಂದು ಜೋಡಿಸಿ, ಪತ್ರಿಕೆಯಲ್ಲಿ ಮಡಿಸಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ ತಮ್ಮ ಪೆಟ್ಟಿಗೆಯ ತಳದಲ್ಲಿ ಅಂಗಿಗಳ ನಡುವೆ ಇಟ್ಟುಕೊಂಡರು. ಹರಾಜು ಮಾರುಕಟ್ಟೆಯಲ್ಲಿ ನಾಲ್ಕು ಜನಕ್ಕೆ ತೋರಿಸಬೇಕಂತೆ.